ಹಂಡಬಂಡದ ಹಿಂದಿನ ಕಾಲು

ಮೊದಲು ಗುರುವಿಗೆ ಶರಣು, ಆಮೇಲೆ ನನ್ನ ಅಪ್ಪನ ಕ್ಯಾಮೆರಾಕ್ಕೆ. ಕೇಳುವವರಲ್ಲಿ ಯಾರಿಗಾದರೂ ಬಾಯಾರಿದ್ದರೆ ಒಂದು ತಂಬಿಗೆ ನೀರು ಕುಡಿದು ಬಂದು ಕುಳಿತುಕೊಳ್ಳಿ, ನನಗೇನೂ ಅವಸರವಿಲ್ಲ. ನಮ್ಮ ಊರು ಯಾವ ಕಡೆ ಇದೆ ಎಂದು ಮಾತ್ರ ಕೇಳಬೇಡಿ. ಯಾವ ಬಸ್ಸಿನ ಬೋರ್ಡಿನ ಮೇಲೂ ಅದರ ಹೆಸರಿಲ್ಲ. ಆದರೂ ಬರಬೇಕಾದವರು ಪ್ರತಿ ವರ್ಷ ಬರುತ್ತಾರೆ, ಅದೂ ಹಿಂಡು ಹಿಂಡಾಗಿ.

ಅವರು ಬರುವುದು ಒಂದು ಕಥೆಗಾಗಿ. ನಮ್ಮೂರಿನ ಅಚ್ಚಿನ ಮನೆಯಿಂದ ಹೊರಡುವ ವಾರಪತ್ರಿಕೆಯ ಕೊನೆಯ ಪುಟದಲ್ಲಿ ನಲವತ್ತು ವರ್ಷಗಳಿಂದ ಒಂದೇ ಚಿತ್ರಕಥೆ ನಡೆದುಕೊಂಡು ಬಂದಿದೆ. ಮರಳುಸಮುದ್ರವನ್ನು ದಾಟಲು ಹೊರಟವರ ಕಥೆ. ಅವರಿನ್ನೂ ದಾಟಿಲ್ಲ. ಓದುವವರಿಗೂ ಅವಸರವಿಲ್ಲ. ಅದರಲ್ಲಿ ಮೂರು ಕೋಡಿನ ದಳಪತಿ ಇದ್ದಾನೆ, ಎದೆಯಲ್ಲಿ ಗಡಿಯಾರವಿರುವ ರಾಣಿ ಇದ್ದಾಳೆ, ದೀಪ ನುಂಗಿದ ಮೀನು ಇದೆ. ಇವರೆಲ್ಲರ ಗಂಟುಮೂಟೆ ಹೊತ್ತು ನಡೆಯುವ ಹಂಡಬಂಡ ಎಂಬ ಪ್ರಾಣಿಯೂ ಇದೆ. ಕಪ್ಪು ಬಿಳಿ ಮಚ್ಚೆಯ ಮೈ, ಒಂಟೆಯ ಕುತ್ತಿಗೆ, ಎಮ್ಮೆಯ ಕಿವಿ. ಸುಗ್ಗಿ ಮುಗಿದ ಮೇಲಿನ ಎರಡನೆಯ ರವಿವಾರ, ಮುಚ್ಚಿಹೋದ ಹತ್ತಿಯ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ, ಈ ಕಥೆಯ ಅಭಿಮಾನಿಗಳೆಲ್ಲ ತಮಗೆ ಬೇಕಾದ ಪಾತ್ರದ ವೇಷ ತೊಟ್ಟು ಸೇರುತ್ತಾರೆ. ಕರಪತ್ರದಲ್ಲಿ ‘ಅಭಿಮಾನಿಗಳ ವಾರ್ಷಿಕ ಸಮಾವೇಶ’ ಎಂದು ಅಚ್ಚಾಗುತ್ತದೆ. ನಾವು ವೇಷದ ದಿನ ಅನ್ನುತ್ತೇವೆ.

ಆ ದಿನ ತೊಟ್ಟ ವೇಷ ತಾನಾಗಿ ಕಳಚುವುದಿಲ್ಲ. ಗುಂಡಿ ಬಿಚ್ಚುವುದಿಲ್ಲ, ಗಂಟು ಸಡಿಲವಾಗುವುದಿಲ್ಲ, ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಬಣ್ಣ ಹೋಗುವುದಿಲ್ಲ. ಫೋಟೋ ತೆಗೆಯಬೇಕು. ಸುಮ್ಮನೆ ತೆಗೆದರೂ ಸಾಲದು. ತೊಟ್ಟವರನ್ನು ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಬೇಕು. ಕರೆದಾಗ ಒಳಗಿರುವ ಮನುಷ್ಯ ವೇಷದೊಳಗಿಂದ ಒಮ್ಮೆ ಇಣುಕುತ್ತಾನೆ. ಕಣ್ಣಿಗೆ ಅದು ಕಾಣುತ್ತದೆ, ಬಾವಿಯ ನೀರಿನಲ್ಲಿ ಮೀನು ಮೇಲೆ ಬಂದ ಹಾಗೆ. ಆ ಗಳಿಗೆಯಲ್ಲಿ ಕ್ಯಾಮೆರಾದ ಬಟನ್ ಒತ್ತಿದರೆ ವೇಷ ಬಿಡುತ್ತದೆ. ಸಂಜೆ ಆರಕ್ಕೆ ಮಿಲ್ಲಿನ ಭೋಂಗಾ, ಅಂದರೆ ಪಾಳಿಯ ಸೈರನ್, ಕೂಗುತ್ತದೆ. ಮಿಲ್ಲು ಮುಚ್ಚಿದರೂ ಭೋಂಗಾ ಕೂಗುವುದನ್ನು ಬಿಟ್ಟಿಲ್ಲ. ಅದು ಕೂಗಿದ ಮೇಲೆ ಯಾರು ಎಷ್ಟು ಫೋಟೋ ತೆಗೆದರೂ ಆಗದು, ಮುಂದಿನ ವೇಷದ ದಿನದವರೆಗೂ ಅದೇ ವೇಷ.

ಮೊಬೈಲಿನಲ್ಲಿ ತೆಗೆದರೆ ಬಿಡುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಬಿಟ್ಟೀತು. ಆದರೆ ಮೊಬೈಲು ಹಿಡಿದವರು ಹೆಸರು ಕೇಳುವುದಿಲ್ಲ. ‘ಇತ್ತ ನೋಡ್ರಿ, ಕತ್ತಿ ಎತ್ತರಿ’ ಅನ್ನುತ್ತಾರೆ, ತೆಗೆದುಕೊಂಡು ಹೋಗುತ್ತಾರೆ. ಕೇಳಿ, ಕಾದು, ಕರೆಯುವ ಕೆಲಸಕ್ಕೆ ನಾನೇ ಬೇಕು. ನಾನು ಅಂದರೆ ದಾನಮ್ಮ. ಊರಿಗೆಲ್ಲ ಫೋಟೋ ದಾನಕ್ಕ. ಬೆಳಿಗ್ಗೆ ಪೂಜೆ ಮುಗಿಸಿ, ಕ್ಯಾಮೆರಾದ ಹಣೆಗೂ ವಿಭೂತಿ ಹಚ್ಚಿ ಮನೆ ಬಿಡುತ್ತೇನೆ. ನಾವು ಸತ್ತು ಹೋದಾಗ ದೇವರು ನಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಾನೆ ಎಂದು ಸಣ್ಣವಳಿದ್ದಾಗ ಅಪ್ಪನನ್ನು ಕೇಳಿದ್ದೆ. ‘ಓಟಿನ ಚೀಟಿ ನೋಡಿ ಕರೆಯಾಂಗಿಲ್ಲ ಬಿಡು’ ಅಂದಿದ್ದ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೂ ಹಾಗೆಯೇ ಅನಿಸುತ್ತದೆ.

ಮೂವತ್ತು ವರ್ಷಗಳಲ್ಲಿ ನನ್ನ ಕೈಯಿಂದ ಒಂದೇ ಒಂದು ವೇಷ ಬಿಡದೆ ಉಳಿದದ್ದುಂಟು. ಅಂಚೆಯ ಚನಬಸಯ್ಯನವರದು. ಅವರು ಸರದಿಯ ಕಟ್ಟಕಡೆಯಲ್ಲಿ ದಳಪತಿಯಾಗಿ ನಿಂತಿದ್ದರು. ನಾನು ರೀಲು ಬದಲಿಸುತ್ತಿದ್ದೆ. ಅಷ್ಟರಲ್ಲಿ ಭೋಂಗಾ ಕೂಗಿಬಿಟ್ಟಿತು. ಪಾಪ, ಒಂದು ವರ್ಷ ಮೂರು ಕೋಡು ಹೊತ್ತು ಮನೆಮನೆಗೆ ಕಾಗದ ಹಂಚಿದರು. ಊರಿನವರು ಹೊಂದಿಕೊಂಡರು. ತಲೆಬಾಗಿಲು ಗಿಡ್ಡವಿದ್ದ ಮನೆಯವರು ಹೊರಗೇ ಬಂದು ಪತ್ರ ಇಸಿದುಕೊಂಡರು, ಬಸ್ಸಿನವರು ಅವರಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು, ಚಹಾದಂಗಡಿಯಲ್ಲಿ ಅವರಿಗೆಂದು ಉದ್ದ ನಳಿಕೆ ಬಂತು. ನಾನು ಮಾತ್ರ ಹೊಂದಿಕೊಳ್ಳಲಿಲ್ಲ. ಬೀದಿಯಲ್ಲಿ ಆ ಕೋಡು ಕಂಡಾಗಲೆಲ್ಲ ತಲೆತಗ್ಗಿಸಿ ಪಕ್ಕದ ಓಣಿಗೆ ತಿರುಗುತ್ತಿದ್ದೆ. ಅವರೋ ಈಗ ಪ್ರತಿ ವರ್ಷ ಸರದಿಯ ಮೊದಲಿಗೇ ನಿಲ್ಲುತ್ತಾರೆ, ವೇಷ ಬಿಟ್ಟ ಮೇಲೆ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಗಡಿಯಾರ ನೋಡುತ್ತಾರೆ.

ಈಗ ಹೇಳಬೇಕೆಂದಿರುವುದು ಹೋದ ವರ್ಷದ ಸಂಗತಿ. ಅದು ಪಾರವ್ವನ ಹಂಡಬಂಡದ ಸಂಗತಿ.

ಪಾರವ್ವ ಹೊಲಿಗೆಯವಳು, ಐವತ್ತರ ಆಸುಪಾಸು. ಅವಳ ತಾಯಿ ಬದುಕಿದ್ದಾಗ ಗೋಣಿತಟ್ಟಿನಿಂದ ಹೊಲಿದ ಹಂಡಬಂಡದ ಚರ್ಮ ನಮ್ಮೂರಲ್ಲಿ ಹೆಸರಾದದ್ದು. ಎರಡು ಜನ ಹೊಕ್ಕರೆ ಒಂದು ಪ್ರಾಣಿ. ಮುಂದಿನವರು ಮುಂದಿನ ಕಾಲು, ಹಿಂದಿನವರು ಬಗ್ಗಿ ಹಿಂದಿನ ಕಾಲು. ಹೊಟ್ಟೆಯ ಕೆಳಗೆ ಹದಿನಾರು ಗುಂಡಿ. ಚಿಕ್ಕಂದಿನಲ್ಲಿ ಅಕ್ಕ ಪಾರವ್ವ ಮುಂದೆ, ತಂಗಿ ನೀಲವ್ವ ಹಿಂದೆ ಹೊಕ್ಕು ಇಡೀ ಅಂಗಳ ನಗಿಸುತ್ತಿದ್ದರು. ಫೋಟೋ ಆಗ ಅಪ್ಪ ತೆಗೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತು ರೀಲು ಸುತ್ತುತ್ತಿದ್ದೆ.

ತಾಯಿ ತೀರಿಕೊಂಡ ವರ್ಷ ಅಕ್ಕತಂಗಿಯರ ಮಾತು ನಿಂತಿತು. ನೀಲವ್ವ ಆಗ ಎಂಟು ತಿಂಗಳ ಬಸುರಿ, ಹಳ್ಳದಾಚೆಯ ಗಂಡನ ಮನೆಯಲ್ಲಿದ್ದಳು. ತಾಯಿಗೆ ಬೇನೆ ಹೆಚ್ಚಾಯಿತು ಎಂಬ ಸುದ್ದಿಯನ್ನು ಪಾರವ್ವ ಕಳಿಸಲಿಲ್ಲ. ನೀಲವ್ವನಿಗೆ ಸುದ್ದಿ ಸಿಕ್ಕಿದ್ದು ಮೂರನೆಯ ದಿನ, ಮಣ್ಣು ಮುಗಿದ ಮೇಲೆ. ‘ಅವ್ವನ ಮಾರಿ ನೋಡಾಕ ಬಿಡಲಿಲ್ಲ’ ಎಂದು ಒಂದೇ ಮಾತು ಆಡಿ ಹೋದವಳು ಒಂಬತ್ತು ವರ್ಷ ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಸಂತೆಯಲ್ಲಿ ಎದುರಾದರೆ ಒಬ್ಬಳು ಉಳ್ಳಾಗಡ್ಡಿಯ ಕಡೆ ಹೋದರೆ ಇನ್ನೊಬ್ಬಳು ಬದನೆಕಾಯಿಯ ಕಡೆ ತಿರುಗುತ್ತಿದ್ದಳು. ಹಂಡಬಂಡದ ಚರ್ಮ ಟ್ರಂಕಿನಲ್ಲಿ ಉಳಿಯಿತು.

ಹೋದ ವರ್ಷ ಪಾರವ್ವನಿಗೆ ಏನನ್ನಿಸಿತೋ, ಇಲಿ ಕಡಿದೀತೆಂಬ ನೆಪ ಹೇಳಿ ಅದನ್ನು ಹೊರಗೆ ತೆಗೆದಳು. ಪಕ್ಕದ ಮನೆಯ ಅಂಗನವಾಡಿ ಟೀಚರು ಶಿವಲೀಲಾಳನ್ನು ಹಿಂದಿನ ಕಾಲಿಗೆ ಒಪ್ಪಿಸಿದಳು. ಹಂಡಬಂಡಕ್ಕೆ ಕೆಲವು ಕಟ್ಟುಪಾಡುಗಳಿವೆ. ಪರದೆಯ ಹಿಂದೆ ಮೊದಲು ಹಿಂದಿನವರು ಒಳಗೆ ಹೊಕ್ಕು ಬಗ್ಗಿ ನಿಲ್ಲಬೇಕು, ಆಮೇಲೆ ಮುಂದಿನವರು ಹಿಂದುಹಿಂದಾಗಿ ನಡೆದು ಸೇರಿಕೊಳ್ಳಬೇಕು. ಪ್ರಾಣಿಗೆ ಒಂದೇ ಬಾಯಿ ಎಂದು ಲೆಕ್ಕ. ಹಿಂದಿನವರು ಫೋಟೋ ಆಗುವವರೆಗೆ ತುಟಿ ಪಿಟಕ್ಕೆನ್ನಬಾರದು. ಈ ಕಟ್ಟುಪಾಡುಗಳಿಂದಲೇ ಆದದ್ದೆಲ್ಲ ಆಯಿತು.

ಬೆಳಿಗ್ಗೆ ಪರದೆಯ ಹಿಂದಿನಿಂದ ಹಂಡಬಂಡ ಹೊರಬಂದಾಗ ಅಂಗಳದಲ್ಲಿ ಶಿಳ್ಳೆಯೋ ಶಿಳ್ಳೆ. ಏನು ನಡಿಗೆ ಅಂತೀರಿ! ಮುಂದಿನ ಕಾಲು ನಿಂತರೆ ಹಿಂದಿನ ಕಾಲು ನಿಲ್ಲುತ್ತಿತ್ತು. ಮುಂದಿನದು ತಡವರಿಸಿದರೆ ಹಿಂದಿನದು ಕಾಯುತ್ತಿತ್ತು. ಮೆಟ್ಟಿಲು ಇಳಿಯುವಾಗ ನಾಲ್ಕು ಕಾಲಿಗೂ ಒಂದೇ ಮಿದುಳಿದ್ದಂತಿತ್ತು. ಕೊರಳ ಗಂಟೆ ಒಂದು ಸಲವೂ ತಾಳ ತಪ್ಪಲಿಲ್ಲ.

“ಅಂಗನವಾಡಿ ಟೀಚರಗ ಇಷ್ಟು ಚಲೋ ಹಿಂದಿನ ಕಾಲು ಅದಾವಂತ ಗೊತ್ತಿರಲಿಲ್ಲ ನೋಡ್ರಿ,” ಅಂದರು ಚನಬಸಯ್ಯನವರು.

“ದಿನಾ ಹುಡುಗರ ಹಿಂದ ಓಡಿ ಓಡಿ ರೂಢಿ ಆಗೈತೇಳ್ರಿ,” ಅಂದೆ.

ಮಧ್ಯಾಹ್ನವೆಲ್ಲ ಕೆಲಸ ಸರಾಗವಾಗಿ ಸಾಗಿತು. ದೂರದಿಂದ ಬಂದ ಒಬ್ಬ ಗಡಿಯಾರದ ರಾಣಿಯನ್ನು ಮನೆಯಲ್ಲಿ ‘ಬೆಲ್ಲ’ ಎಂದು ಕರೆಯುತ್ತಿದ್ದರಂತೆ. “ಏ ಬೆಲ್ಲಾ!” ಎಂದು ಕೂಗಿದಾಗ ರಾಣಿಯ ಗತ್ತೆಲ್ಲ ಕರಗಿ, ಹಲ್ಲು ಬಿಟ್ಟು ನಕ್ಕಳು, ಕಿರೀಟ ತಾನೇ ಜಾರಿ ಕೈಗೆ ಬಂತು. ಮೀಸೆಯ ಪೊಲೀಸನೊಬ್ಬ ದೀಪ ನುಂಗಿದ ಮೀನಾಗಿದ್ದ. ಅವನ ಹೆಸರು ಕೇಳಿದರೆ ಸುತ್ತ ನೋಡಿ ನನ್ನ ಕಿವಿಯಲ್ಲಿ “ಪುಟಾಣಿ” ಅಂದ. ಹೀಗೆ ಸರದಿ ಕರಗುತ್ತ ಬಂದು ಐದಕ್ಕೆ ಹತ್ತು ನಿಮಿಷವಿರುವಾಗ ಹಂಡಬಂಡ ನನ್ನ ಮುಂದೆ ಬಂದು ನಿಂತಿತು. ಅದರ ಹಿಂದೆ ಇನ್ನು ಯಾರೂ ಇರಲಿಲ್ಲ.

ಮುಂದಿನದು ಸುಲಭವಾಯಿತು. “ಏ ಪಾರೀ!” ಅಂದೆ, ಬಟನ್ ಒತ್ತಿದೆ. ಕುತ್ತಿಗೆಯ ಗಂಟು ಬಿಚ್ಚಿ ಹಂಡಬಂಡದ ತಲೆ ಕಳಚಿತು, ಬೆವರಿಳಿಯುತ್ತಿದ್ದ ಪಾರವ್ವನ ಮುಖ ಹೊರಬಂತು. ಹೊಟ್ಟೆಯ ಗುಂಡಿಗಳು ಹಾಗೆಯೇ ಇದ್ದವು. ಅವು ಇಬ್ಬರಿಗೂ ಸೇರಿದವು.

“ಈಗ ಶಿವಲೀಲಾನ ಪಾಳಿ,” ಅಂದೆ. ಅವಳ ಮನೆಯ ಹೆಸರು ನನಗೆ ಗೊತ್ತಿತ್ತು. “ಏ ಲೀಲೀ!”

ಹಿಂದಿನ ಕಾಲುಗಳು ಅಲುಗಲಿಲ್ಲ. ಒತ್ತಿದೆ. ಒಂದು ಗುಂಡಿಯೂ ಬಿಚ್ಚಲಿಲ್ಲ. ಇನ್ನೊಮ್ಮೆ ಕರೆದೆ. ಇಲ್ಲ.

“ಕ್ಯಾಮೆರಾಕ್ಕ ಮುಪ್ಪು ಬಂತೇನ್ರಿ ದಾನಕ್ಕಾರ?” ಅಂದರು ಚನಬಸಯ್ಯನವರು. ನಾನು ಲೆನ್ಸು ಒರೆಸಿ ಮತ್ತೊಮ್ಮೆ ನೋಡಿದೆ.

“ಟೀಚರ, ಮಾತಾಡವಾ, ನಿದ್ದಿ ಹತ್ತಿತೇನು?” ಎಂದು ಪಾರವ್ವ ಕತ್ತು ಹೊರಳಿಸಿದಳು.

ಆಗ ಚಹಾದಂಗಡಿಯ ಕಡೆಯಿಂದ ಶಾಲು ಹೊದ್ದು, ಕಣ್ಣು ಕೆಂಪಗಾದ ಒಬ್ಬಳು ಮೆಲ್ಲಗೆ ನಡೆದು ಬಂದಳು. ಶಿವಲೀಲಾ. ಕೈಯಲ್ಲಿ ಶುಂಠಿ ಕಷಾಯದ ಲೋಟ.

“ನಾ ಇಲ್ಲದೀನ್ರಿ,” ಅಂದಳು. “ಬೆಳಿಗ್ಗಿಂದ ಜ್ವರ.”

ಎಲ್ಲರೂ ಹಂಡಬಂಡದ ಹಿಂಭಾಗವನ್ನು ನೋಡಿದೆವು.

“ಮತ್ತ ಒಳಗ ಯಾರದಾರ?” ಪಾರವ್ವನ ದನಿ ಸಣ್ಣಗಾಗಿತ್ತು.

ಶಿವಲೀಲಾ ಶಾಲನ್ನು ಮೂಗಿನವರೆಗೆ ಎಳೆದುಕೊಂಡಳು. “ಬೈಬ್ಯಾಡ್ರಿ ಪಾರಕ್ಕಾ. ನನ್ನ ಬದಲಿಗೆ ಒಂದಿನ ಹಿಂದಿನ ಕಾಲಾಗು ಅಂತ ಕೇಳಿದೆ. ಯಾರ ಮುಂದಿನ ಕಾಲು ಅಂತ ಹೇಳಲಿಲ್ಲ. ನೀಲಕ್ಕ ಅದಾಳ.”

ಪಾರವ್ವ ಬಗ್ಗಿ ಹೊಟ್ಟೆಯ ಗುಂಡಿಗಳನ್ನು ಕಿತ್ತು ಬಿಡಿಸಲು ನೋಡಿದಳು. ಉಗುರು ಮುರಿದರೂ ಅವು ಬಿಡಲಿಲ್ಲ. ಎರಡು ಹೆಜ್ಜೆ ಮುಂದೆ ಜಿಗಿದು ಎಳೆದಳು. ಹಿಂದಿನ ಕಾಲುಗಳು ಎರಡು ಹೆಜ್ಜೆ ಹಿಂಬಾಲಿಸಿದವು, ಇನ್ನೇನು ಮಾಡಲು ಸಾಧ್ಯ. ಸುತ್ತ ನಿಂತವರಲ್ಲಿ ಯಾರೋ ನಕ್ಕರು. ನಾನು ಕಣ್ಣು ಬಿಟ್ಟು ನೋಡಿದ್ದಕ್ಕೆ ಸುಮ್ಮನಾದರು. ಆಗ ಗಂಟೆ ಐದೂ ಕಾಲಾಗಿತ್ತು.

“ದಾನಕ್ಕಾ,” ಅಂದಳು ಪಾರವ್ವ, ನನ್ನನ್ನೇ ನೋಡುತ್ತ, “ಅಕೀಗೆ ಹೇಳ್ರಿ, ಲಗೂನ ಹೆಸರು ಹೇಳಿ ಬಿಡಿಸ್ಕೊ ಅಂತ.”

ಹಿಂದಿನಿಂದ ಮೊದಲ ಸಲ ದನಿ ಬಂತು, ಗೋಣಿಯ ಒಳಗಿಂದ, ಮಂದವಾಗಿ. “ದಾನಕ್ಕಾ, ಅಕೀಗೆ ಹೇಳ್ರಿ, ನನ್ನ ಹೆಸರು ನೀಲವ್ವ ಅಂತ.”

“ಅದು ಓಟಿನ ಚೀಟಿ ಹೆಸರು, ತಂಗೀ,” ಅಂದೆ. “ಗಂಡನ ಮನಿಯಾಗ ಏನಂತ ಕರೀತಾರ?”

“‘ಏ’ ಅಂತಾರ.”

ಈ ಸಲ ನಾನೂ ನಗು ತಡೆದುಕೊಳ್ಳಬೇಕಾಯಿತು. “ಸಣ್ಣಾಕಿದ್ದಾಗ?”

ಹಿಂದಿನ ಕಾಲೊಂದು ನೆಲದ ಮಣ್ಣು ಕೆರೆಯಿತು. ಕೊನೆಗೆ, “ಹಂಗ ಕರಿಯಾಕಿ ಹೋದ್ಲು,” ಅಂದಳು. “ಆ ಹೆಸರು ನಾ ಹೇಳಾಂಗಿಲ್ರಿ.”

ಅಪ್ಪ ಇದ್ದಿದ್ದರೆ ಅವನಿಗೆ ನೆನಪಿರುತ್ತಿತ್ತು. ನಾನು ರೀಲು ಸುತ್ತುವುದರಲ್ಲೇ ಮುಳುಗಿದ್ದವಳು, ಅವನು ಕರೆಯುತ್ತಿದ್ದ ಹೆಸರುಗಳಿಗೆ ಕಿವಿಗೊಟ್ಟವಳಲ್ಲ. ಆ ಹೆಸರು ಗೊತ್ತಿರುವ ಒಬ್ಬಳೇ ಒಬ್ಬಳು ಅದೇ ಚರ್ಮದ ಮುಂಭಾಗದಲ್ಲಿ ನಿಂತು ಮಿಲ್ಲಿನ ಚಿಮಣಿಯನ್ನು ನೋಡುತ್ತಿದ್ದಳು.

ಚನಬಸಯ್ಯನವರು ಸ್ಟೂಲು ಎತ್ತಿಕೊಂಡು ಬಂದು ಹಂಡಬಂಡದ ನಡುವಿಗೆ ಹಾಕಿ ಕೂತರು. “ತಂಗ್ಯಾರ, ಅನುಭವಸ್ಥ ಹೇಳತೀನಿ, ಕೇಳ್ರಿ,” ಅಂದರು. “ಒಂದು ವರ್ಷ ಅಂದ್ರ ಹನ್ನೆರಡು ಅಮಾಸಿ. ನಾನು ಮಗ್ಗಲು ಹೊರಳದ ಒಂದು ವರ್ಷ ಮಲಗೀನಿ. ಜಳಕ ಅಂದ್ರ ಕ್ಯಾನಿನ್ಯಾಗ ನೀರು ತುಂಬಿ ಕೋಡಿನ ಮ್ಯಾಲ ಹನಸೂದು. ಅಷ್ಟಾಗಿ ನಾ ಒಬ್ಬಾಂವ. ನೀವು ಇಬ್ಬರು. ಪಾರವ್ವ, ನಿನ್ನ ಹೊಲಿಗಿ ಮಷೀನದ ಮುಂದ ಅಕೀ ಎಲ್ಲಿ ನಿಂದರಬೇಕು? ನೀಲವ್ವ, ನಿನ್ನ ಮಗಳು ಸಾಲಿಂದ ಬಂದು ಅವ್ವಾ ಅಂತ ಓಡಿ ಬಂದ್ರ ಮೊದಲು ದೊಡ್ಡವ್ವನ್ನ ತೆಕ್ಕಿ ಬೀಳಬೇಕಾಗತೈತಿ. ಒಬ್ಬಾಕೀಗೆ ಸೀನು ಬಂದ್ರ ಇಬ್ಬರೂ ನಡಗಬೇಕು. ಜಗಳ ಮಾಡೂದಾದ್ರೂ ಮಾರಿ ನೋಡಿ ಮಾಡಾಕ ಬರೂದಿಲ್ಲ.”

ಗಡಿಯಾರ ನೋಡಿದೆ. ಐದೂ ಇಪ್ಪತ್ತು. ನಾನು ಮನಸ್ಸಿನಲ್ಲಿ ಗುರುವನ್ನು ನೆನೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಅವರಿಗಾಗಿ ಎಷ್ಟೋ, ನನಗಾಗಿಯೂ ಅಷ್ಟೇ ನೆನೆಯುತ್ತಿದ್ದೆ. ಇನ್ನೊಂದು ವರ್ಷ ಬೀದಿಯಲ್ಲಿ ತಲೆತಗ್ಗಿಸಿ ನಡೆಯುವ ಶಕ್ತಿ ನನಗಿರಲಿಲ್ಲ.

ಕಡೆಗೆ ಪಾರವ್ವ ನನ್ನನ್ನು ಹತ್ತಿರ ಕರೆದಳು. ಕಿವಿಯಲ್ಲಿ ಒಂದು ಹೆಸರು ಉಸುರಿದಳು. ನಾನು ಖುಷಿಯಿಂದ ಹಿಂದಕ್ಕೆ ಓಡಿ ಕ್ಯಾಮೆರಾ ಹಿಡಿದು ಕೂಗಿದೆ, “ಏ ಚಿಗರೀ!”

ಹಿಂದಿನ ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದವು. ಬಟನ್ ಒತ್ತಿದೆ. ಏನೂ ಆಗಲಿಲ್ಲ.

“ಯಾರ್ಯಾರೋ ಕರದ್ರ ಬರೂದಿಲ್ರಿ ನಾ,” ಅಂದಿತು ಗೋಣಿಯೊಳಗಿನ ದನಿ.

ನನಗೆ ನಾಚಿಕೆಯಾಯಿತು. ಎಲ್ಲರೂ ತಮ್ಮ ಹೆಸರನ್ನು ತಾವೇ ನನ್ನ ಕೈಯಲ್ಲಿಡುತ್ತಾರೆ, ಆಮೇಲೆ ನಾನು ಕರೆಯುತ್ತೇನೆ. ಇದು ಅವಳು ಕೊಟ್ಟದ್ದಲ್ಲ. ಅವಳಿಗೆ ಗೊತ್ತಿಲ್ಲದೆ ನಾನು ತೆಗೆದುಕೊಂಡದ್ದು. ಮೂವತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಕ್ಯಾಮೆರಾ ಕೆಳಗಿಳಿಸಿ ಹಂಡಬಂಡದ ಮೈಗೆ ಕೈ ಇಟ್ಟು, “ತಪ್ಪಾತವ್ವ ನಂದು,” ಅಂದೆ.

“ನಿಮ್ಮದೇನಿಲ್ಲೇಳ್ರಿ ದಾನಕ್ಕಾ,” ಅಂದಳು ನೀಲವ್ವ. ಬಗ್ಗಿ ಬಗ್ಗಿ ಅವಳ ದನಿ ಸೋತಿತ್ತು. ಆಮೇಲೆ ತಾನಾಗಿಯೇ ಮಾತಾಡತೊಡಗಿದಳು. ಕತ್ತಲಲ್ಲಿರುವವರು ಮಾತಾಡುವ ಹಾಗೆ, ಯಾರಿಗೆ ಎಂದಿಲ್ಲದೆ. “ಒಳಗ ಹೊಕ್ಕ ಕೂಡ್ಲೆ ನನಗ ಗೊತ್ತಾತು. ಒಳಪದರಕ್ಕ ಅವ್ವನ ಹಸರ ಇಳಕಲ್ ಸೀರಿ ಹಚ್ಯಾರ. ಕೈಯಾಡಿಸಿದ್ರ ಸೆರಗಿನ ತೆನಿ ನೇಯ್ಗಿ ಸಿಕ್ತು. ಆಗ ಹೊರಗ ಬರಬಹುದಿತ್ತು, ಗುಂಡಿ ಹಾಕಿರಲಿಲ್ಲ. ಬರಲಿಲ್ಲ.”

ಪಾರವ್ವ ಚಿಮಣಿಯಿಂದ ಕಣ್ಣು ಕಿತ್ತಳು.

“ಹಿಂದಿನ ಕಾಲಿಗೆ ಮತ್ತೇನು ಕಾಣಸ್ತೈತ್ರಿ? ನೆಲ, ಮತ್ತ ಮುಂದಿನವರ ಹಿಮ್ಮಡ. ದಿನಾಪೂರ್ತಿ ಅದನ್ನ ನೋಡಿದೆ. ಇಕೀ ಹಿಮ್ಮಡ ಥೇಟ್ ಅವ್ವನಂಗ ಆಗ್ಯಾವು. ಹಂಗ ಒಡದಾವು, ಎಡಗಾಲಿಂದು ಹೊರಮಗ್ಗಲಾ ಸವದೈತಿ. ಮಾರಿ ಅಂತೂ ನೋಡಾಕ ಸಿಗಲಿಲ್ಲ, ಹಿಮ್ಮಡ ಆದ್ರೂ ಸಿಕ್ವಲ್ಲ ಅಂತ ನಡದೆ.” ಮೂಗೇರಿಸಿದ ಸದ್ದು ಕೇಳಿತು. “ಒಂದೀಟು ಎಣ್ಣಿ ಹಚ್ಕೋಬೇಕಿಲ್ಲೇನು. ಒಲಿಮ್ಯಾಲ ಇಟ್ಟ ಹಂಚು ಆಗ್ಯಾವು.”

ಪಾರವ್ವ ಬಗ್ಗಿ ತನ್ನ ಕಾಲನ್ನು ನೋಡಿಕೊಳ್ಳಲು ಹೋದಳು, ವೇಷ ಅಡ್ಡ ಬಂತು. ಹಾಗೆಯೇ ಅರ್ಧ ಬಗ್ಗಿದವಳು ನಿಂತುಬಿಟ್ಟಳು. ಐದೂ ನಲವತ್ತು ಆಗಿತ್ತು. ಸುತ್ತ ನಿಂತಿದ್ದವರು ಒಬ್ಬೊಬ್ಬರಾಗಿ, ಯಾರೂ ಹೇಳದೆಯೇ, ಚಹಾದಂಗಡಿಯ ಕಡೆ ಹೋದರು. ಶಿವಲೀಲಾಳೂ ಹೋದಳು. ಚನಬಸಯ್ಯನವರು ಸ್ಟೂಲನ್ನು ದೂರ ಒಯ್ದು ನಮಗೆ ಬೆನ್ನು ಹಾಕಿ, ಭೋಂಗಾದ ಕಡೆ ಮುಖ ಮಾಡಿ ಕೂತರು. ಕಣ್ಣಿನಿಂದಲೇ ಅದನ್ನು ತಡೆದು ಹಿಡಿಯುವವರ ಹಾಗೆ.

“ನಿನಗ ಒಂದು ಹೇಳೂದೈತಿ,” ಅಂದಳು ಪಾರವ್ವ. ಅವಳು ನನಗೆ ಹೇಳುತ್ತಿರಲಿಲ್ಲ. ಒಂಬತ್ತು ವರ್ಷದ ಮೇಲೆ ಆ ‘ನಿನಗ’ ಹಿಂದಕ್ಕೆ ಹೋಯಿತು. “ಬಸುರಿ ಇದ್ದಿ ಅಂತ ಸುದ್ದಿ ಕಳಿಸಲಿಲ್ಲ ಅಂತ ಮಂದಿಗೆಲ್ಲ ಹೇಳಿದೆ. ಅದು ಖರೇನ. ಆದ್ರ ಅಷ್ಟ ಅಲ್ಲ. ಅವ್ವ ಉಳೀತಾಳ ಅಂತ ತಿಳಕೊಂಡಿದ್ದೆ. ನಾ ಒಬ್ಬಾಕೀನ ಉಳಿಸ್ಕೊತೀನಿ, ಆಮ್ಯಾಲ ನಿನ್ನ ಮುಂದ ಹೇಳ್ಕೊತೀನಿ ಅನ್ನೂ ಸೊಕ್ಕಿತ್ತು. ಕಡೀ ದಿನ ಅವ್ವ ಎರಡು ಸರ್ತಿ ಕೇಳಿದ್ಲು. ನಾ ಎರಡು ಸರ್ತೀನೂ ‘ದಾರ್ಯಾಗ ಅದಾಳ, ಬರಾಕತ್ತಾಳ’ ಅಂದೆ. ಸುಳ್ಳು ಹೇಳಿದೆ. ಅವ್ವ ನಂಬಿದ್ಲು. ಬಾಗಿಲ ಕಡೆ ಮಾರಿ ಮಾಡಿ ಮಲಗಿದ್ಲು.”

ಕೊರಳಲ್ಲೇ ಉಳಿದಿದ್ದ ಗಂಟೆ ಸಣ್ಣಗೆ ಒಮ್ಮೆ ಅಲುಗಿತು. ಪಾರವ್ವ ಅದನ್ನು ಕೈಯಲ್ಲಿ ಹಿಡಿದಳು.

“ಇದನ್ನ ಹೇಳಿದ್ರ ನೀ ಜೀವನಪೂರ್ತಿ ಮಾತಾಡಸೂದಿಲ್ಲ ಅಂತ ಹೇಳಲಿಲ್ಲ. ಹೇಳದಿದ್ರೂ ನೀ ಮಾತಾಡಸಲಿಲ್ಲ. ನನಗ ಕ್ಷಮಾ ಮಾಡಂತ ಕೇಳಾಕ ಬಾಯಿ ಇಲ್ಲ.”

“ಏನಂತ ಕೇಳಿದ್ಲು ಅವ್ವ?” ಹಿಂದಿನಿಂದ ಬಂತು ದನಿ.

“ಗೊತ್ತೈತಲ್ಲ.”

“ಇಲ್ಲ. ಅಕೀ ಕೇಳಿದಂಗ ಹೇಳು.”

ನಾನು ಕ್ಯಾಮೆರಾವನ್ನು ಎತ್ತಿ ಕಣ್ಣಿಗೆ ಹಿಡಿದಿದ್ದೆ. ಯಾವಾಗ ಹಿಡಿದೆನೋ ತಿಳಿಯದು. ಈ ಮೂವತ್ತು ವರ್ಷ ಯಾರ ಹಂಡಬಂಡವನ್ನಾದರೂ ಮುಂದಿನಿಂದಲೇ ತೆಗೆದಿದ್ದೆ, ಅಪ್ಪನೂ ಹಾಗೆಯೇ ತೆಗೆಯುತ್ತಿದ್ದ. ಅಂದು ಮಾತ್ರ ನನ್ನ ಕಾಲುಗಳು ತಾವಾಗಿಯೇ ನನ್ನನ್ನು ಪಕ್ಕಕ್ಕೆ ತಂದು ನಿಲ್ಲಿಸಿದ್ದವು. ಇಡೀ ಪ್ರಾಣಿ, ಪಾರವ್ವನ ಮುಖದಿಂದ ಬಾಲದವರೆಗೆ, ಒಂದೇ ಚೌಕಟ್ಟಿನಲ್ಲಿತ್ತು. ಇಳಿಬಿಸಿಲು ಗೋಣಿಯ ಮಚ್ಚೆಗಳ ಮೇಲೆ ಬಿದ್ದಿತ್ತು.

ಪಾರವ್ವ ಕಣ್ಣು ಮುಚ್ಚಿದಳು. ಅವಳ ದನಿ ಬದಲಾಯಿತು. ಹಣ್ಣುಹಣ್ಣು ಮುದುಕಿಯ ದನಿ, ಆದರೆ ಹಟ್ಟಿಯಲ್ಲಿ ಆಡುವ ಕೂಸನ್ನು ಊಟಕ್ಕೆ ಕೂಗುವ ದನಿ.

“ಚಿಗರೀ... ಬಂದೇನ ನನ್ನವ್ವ?”

ಹಂಡಬಂಡದ ಹಿಂದಿನ ಕಾಲುಗಳು ನೆಟ್ಟಗಾದವು. ಬಗ್ಗಿದ ಬೆನ್ನು ಎದ್ದಿತು. ಗೋಣಿಯೊಳಗೆ ಒಂದು ತಲೆ ಮೇಲೆದ್ದು ಪ್ರಾಣಿಯ ಬೆನ್ನಿಗೆ ಗೂನು ಬಂತು. ಎಡಗಾಲು ಒಂದು ಹೆಜ್ಜೆ ಮುಂದೆ ಬಂದು ಮುಂದಿನವಳ ಒಡೆದ ಹಿಮ್ಮಡಿಯ ಪಕ್ಕದಲ್ಲಿ ನಿಂತಿತು.

“ಬಂದ್ನ್ಯವ್ವಾ,” ಅಂದಿತು ದನಿ.

ನೀಲವ್ವನ ಮುಖ ಎಲ್ಲಿಯೂ ಕಾಣಿಸಲಿಲ್ಲ. ಆದರೆ ಬಾವಿಯಲ್ಲಿ ಮೀನು ಮೇಲೆ ಬಂದದ್ದನ್ನು ನಾನು ಕಂಡೆ. ಒತ್ತಿದೆ.

ಮೊದಲನೆಯ ಗುಂಡಿ ಬಿಚ್ಚಿದ ಸದ್ದು ಕೇಳಿದ್ದು ಚನಬಸಯ್ಯನವರಿಗೆ. “ಶರಣು ಶರಣಾರ್ಥಿ!” ಎಂದು ಅವರು ಕುಣಿದೆದ್ದರು. ಆಮೇಲೆ ಎರಡನೆಯದು, ಮೂರನೆಯದು, ಹದಿನಾರೂ ಒಂದರ ಹಿಂದೊಂದು, ಕಡಲೆ ಸಿಡಿದ ಹಾಗೆ. ಗೋಣಿ ನೆಲಕ್ಕೆ ಕುಸಿಯಿತು, ಹಸಿರು ಒಳಪದರ ಮೇಲಾಗಿ. ಅದರ ನಡುವೆ ಇಬ್ಬರು ಹೆಂಗಸರು, ಮೈಯೆಲ್ಲ ಬೆವರು, ಕೂದಲಿಗೆಲ್ಲ ಗೋಣಿಯ ನಾರು. ಆಗ ಭೋಂಗಾ ಕೂಗಿತು. ನನಗೆ ಅಂದು ಅದು ಮಂಗಳಾರತಿಯ ಶಂಖದಂತೆ ಕೇಳಿತು. ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡೆ.

ಅವರು ತಬ್ಬಿಕೊಳ್ಳಲಿಲ್ಲ. ತಬ್ಬಿಕೊಂಡರು ಎಂದರೆ ಕಥೆಗೆ ಚೆಂದ, ಆದರೆ ವಿಭೂತಿ ಹಚ್ಚಿದ ಹಣೆಯಿಂದ ಸುಳ್ಳು ಹೇಳಲಾರೆ. ನೀಲವ್ವ ಬಹಳ ಹೊತ್ತು ಅಕ್ಕನ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಅಲ್ಲಿ ಏನೇನು ಆಗಿದೆಯೆಂದು ಓದುವವಳ ಹಾಗೆ. ಆಮೇಲೆ, “ಸುಳ್ಳು ಹೇಳಿದ್ದು ನನಗ ಇನ್ನೂ ನುಂಗಾಕ ಬರವಲ್ದು,” ಅಂದಳು. ಪಾರವ್ವ ತಲೆಯಾಡಿಸಿದಳು. ಇಬ್ಬರೂ ಗೋಣಿಯ ಎರಡು ತುದಿ ಹಿಡಿದು, ಎದುರುಬದುರಾಗಿ ನಡೆದು ಅದನ್ನು ಮಡಿಸಿದರು. ಸೀರೆ ಮಡಿಸುವವರ ಹಾಗೆ, ಪ್ರತಿ ಮಡಿಕೆಗೂ ಅವರ ಕೈಗಳು ಒಂದನ್ನೊಂದು ಮುಟ್ಟುತ್ತಿದ್ದವು.

ಆ ಫೋಟೋ ಈಗ ನನ್ನ ಸ್ಟುಡಿಯೋದ ಗೋಡೆಯ ಮೇಲಿದೆ, ಗುರುಗಳ ಪಟದ ಪಕ್ಕದಲ್ಲಿ. ಬಂದವರು ಇದೇನು ಪ್ರಾಣಿ ಹೀಗೆ ಗೂನಾಗಿದೆ, ಮೂರು ಕಾಲು ಒಂದೇ ಕಡೆ ಇದೆ ಎಂದು ನಗುತ್ತಾರೆ. ನಗಲಿ. ಪ್ರತಿ ಹಾಕಿಸಿ ಕೊಡೋಣವೆಂದು ಮುಂದಿನ ವಾರ ಪಾರವ್ವನ ಮನೆಗೆ ಹೋದಾಗ ಬಾಗಿಲಲ್ಲಿ ಎರಡು ಜೋಡಿ ಚಪ್ಪಲಿ ಇದ್ದವು, ಒಂದು ಸಣ್ಣ ಹುಡುಗಿಯದು ಸೇರಿದರೆ ಮೂರು. ಒಳಗೆ ಪಾರವ್ವ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನೀಲವ್ವ ಬಿಸಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಅವಳ ಹಿಮ್ಮಡಿ ತಿಕ್ಕುತ್ತಿದ್ದಳು, ಪಾತ್ರೆ ತಿಕ್ಕುವಷ್ಟು ಸಿಟ್ಟಿನಿಂದ.

“ಮೆಲ್ಲಕ, ಏ ಮೆಲ್ಲಕ!” ಅನ್ನುತ್ತಿದ್ದಳು ಪಾರವ್ವ.

“ಸುಮ್ನ ಕೂಡು. ಒಂದಿನ ಪೂರ್ತಿ ಬಗ್ಗಿ ನಡದು ನನ್ನ ಸೊಂಟ ಮುರದೈತಿ. ಬರೂ ವರ್ಷ ನಾ ಮುಂದ.”

“ನಿನಗ ದಾರಿ ಎಲ್ಲಿ ಗೊತ್ತಾಗತೈತಿ? ಸೀದಾ ಹೋಗಿ ಚಿಮಣಿಗೆ ಗುದ್ದಾಕಿ.”

“ನೀ ಹಿಂದಿಂದ ಹೇಳು,” ಅಂದಳು ನೀಲವ್ವ, ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತ. “ಹಿಂದಿನ ಕಾಲು ಮಾತಾಡಬಾರದು ಅನ್ನೂ ಕಟ್ಟುಪಾಡು ಇನ್ನ ಸಾಕು.”